ಹುಳ ಹರಿಯದ ಹೆಜ್ಜೆ

“ಈ ಪಟ್ಟಿ ಮೇಲೆ ಕತ್ತೆ ನಡೆದ್ರೂ ಗೊತ್ತಾಗ್ಬೇಕು. ಆದ್ರೆ ಕುಂಟೇನೇ ಕತ್ತೆ ಕೈಗೆ ಕೊಟ್ಟಿದ್ದೀವಲ್ಲ, ಏನು ಗೊತ್ತಾಗುತ್ತೆ?”

ಸಾಹೇಬರು ಇದನ್ನು ಗದರಿ ಹೇಳಲಿಲ್ಲ. ಮಗುವನ್ನು ತಟ್ಟಿ ಮಲಗಿಸುವವರ ದನಿಯಲ್ಲಿ ಹೇಳಿದರು. ಬೆಳಗಿನ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಹಾಜರಿಗೆ ನಿಂತ ಹನ್ನೊಂದು ಜನರಲ್ಲಿ ತುದಿಯ ಮೂವರು ಬರೀ ಟೋಪಿಗಳಾಗಿ ತೇಲುತ್ತಿದ್ದರು. ಆ ಟೋಪಿಗಳೂ ನಕ್ಕವು.

ಹೊಸಬ ನೆಲ ನೋಡುತ್ತ ನಿಂತ. ಗಡಿ ಠಾಣೆಯಲ್ಲಿ ಅವನಿಗೆ ಬೇರೆ ಹೆಸರಿರಲಿಲ್ಲ. ಪರೀಕ್ಷಾವಧಿಯ ತೊಂಬತ್ತು ದಿನಗಳಲ್ಲಿ ಇದು ಕೊನೆಯದು. ಸಂಜೆ ಸಾಹೇಬರು ಒಂದು ಕಾಗದಕ್ಕೆ ಸಹಿ ಹಾಕಿದರೆ ಕೆಲಸ ಖಾಯಂ. ಹಾಕದಿದ್ದರೆ ಈ ಖಾಕಿ ಬಟ್ಟೆಯನ್ನು ಒಗೆದು, ಮಡಿಸಿ, ವಾಪಸು ಕೊಟ್ಟು ಹೋಗಬೇಕು.

ಎಲ್ಲರ ಮುಂದೆ, ತಂತಿ ಬೇಲಿಯ ಈಚೆ, ಮಣ್ಣಿನ ಪಟ್ಟಿ ಮಲಗಿತ್ತು. ಆರು ಮಾರು ಅಗಲ. ಉದ್ದ ಎಷ್ಟೋ, ಎರಡೂ ತುದಿ ಮಂಜಿನಲ್ಲಿ ಕರಗಿದ್ದವು. ದಿನಾ ಸಂಜೆ ಹೊಸಬ ಹಲ್ಲಿನ ಕುಂಟೆ ಹಿಡಿದು, ಹಿಂದಹಿಂದಕ್ಕೆ ನಡೆಯುತ್ತ, ಅದರ ಮೇಲೆ ಬಾಚಣಿಗೆಯ ಗೆರೆ ಎಳೆಯುತ್ತಿದ್ದ. ತಲೆ ಬಾಚಿದ ಹಾಗೆ ನೆಲ ಬಾಚುವುದು. ಯಾರು ದಾಟಿದರೂ ಗೆರೆ ಕೆಡುತ್ತದೆ, ಬೆಳಿಗ್ಗೆ ಓದಬಹುದು. ಠಾಣೆಯಲ್ಲಿ ಇದಕ್ಕಿಂತ ಕೆಳಗಿನ ಕೆಲಸ ಇರಲಿಲ್ಲ, ಅದಕ್ಕೇ ಅದು ಹೊಸಬನ ಪಾಲಿಗೆ ಬಂದಿತ್ತು.

ಇವತ್ತು ಗೆರೆಗಳ ನಡುವೆ ಚಪ್ಪಲಿಯ ಹೆಜ್ಜೆಗಳಿದ್ದವು. ಈ ಕಡೆಯಿಂದ ಆ ಕಡೆಗೆ, ಬೇಲಿಯಲ್ಲಿ ತಂತಿ ಸಡಿಲವಾಗಿದ್ದ ಜಾಗದವರೆಗೆ. ಬಲಗಾಲಿನ ಹಿಮ್ಮಡಿಗೆ ಟೈರಿನ ತುಂಡು ಹೊಲಿದ ಗುರುತು. ಆ ಚಪ್ಪಲಿ ಯಾರದೆಂದು ಇಡೀ ಠಾಣೆಗೆ ಗೊತ್ತಿತ್ತು. ಮೂರನೇ ಕೌಂಟರಿನಲ್ಲಿ ಇಪ್ಪತ್ತಾರು ವರ್ಷ ಪ್ರಯಾಣಿಕರ ಪಾಸ್‌ಪೋರ್ಟ್ ಪುಸ್ತಕಗಳಿಗೆ ಮುದ್ರೆ ಒತ್ತಿದ ಹೆಂಗಸು, ಎಲ್ಲರ ಬಾಯಲ್ಲೂ ಮುದ್ರೆಯಮ್ಮ. ಮೊನ್ನೆ ಸಂಜೆಯಿಂದ ಅವರೂ ಇಲ್ಲ, ಅವರ ಮುದ್ರೆಯೂ ಇಲ್ಲ.

“ನಿನ್ನೆ ಇಡೀ ದಿನ ಹುಡುಕಿದ್ವಿ. ಸರ್ಕಾರದ ಮುದ್ರೆ ಕದ್ದವಳು ರಾತ್ರಿ ನಿನ್ನ ಪಟ್ಟಿ ಮೇಲೆ ಮಹಾರಾಣಿ ಹಾಗೆ ನಡ್ಕೊಂಡು ಹೋಗಿದ್ದಾಳೆ” ಎಂದರು ಸಾಹೇಬರು. “ಎಂಟನೇ ಕ್ಲಾಸಿಗೆ ಸ್ಕೂಲ್ ಬಿಟ್ಟೋನು ಅಂತ ಕೇಳಿದ್ದೆ. ಅಕ್ಷರ ಬರಲ್ಲ, ಸರಿ. ನೆಲಾನೂ ಓದಕ್ಕೆ ಬರಲ್ವಾ?”

ಮತ್ತೆ ನಗು. ಗೇಟಿನ ಅಡ್ಡಗೋಲು ಎತ್ತಿಳಿಸುವ ಉದ್ದನೆಯ ಪೇದೆಯಂತೂ ಕೆಮ್ಮಿನ ನೆಪದಲ್ಲಿ ನಕ್ಕ.

ಹೊಸಬನ ಕಿವಿ ಕಾದವು. ಅವನು ಶಾಲೆ ಬಿಟ್ಟದ್ದೂ ಇಂಥದೇ ಒಂದು ಬೆಳಿಗ್ಗೆ, ಇಂಥದೇ ಒಂದು ಸಾಲಿನಲ್ಲಿ ನಿಂತಾಗ. ಅವತ್ತು ಕೈಯಲ್ಲಿದ್ದ ಸ್ಲೇಟನ್ನು ಮೇಷ್ಟ್ರ ಕಾಲಬುಡಕ್ಕೆ ಎಸೆದು ಬಂದಿದ್ದ. ಇವತ್ತು ಕೈಯಲ್ಲಿ ಏನೂ ಇರಲಿಲ್ಲ.

ಸಾಹೇಬರ ಬಲಗಡೆ ಹವಾಲ್ದಾರ ನಿಂತಿದ್ದ, ಒಂದು ಕೈ ಸೊಂಟದ ಮೇಲೆ. ಆ ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. ಹೊಸಬನ ಸ್ವಂತ ಅಕ್ಕನ ಗಂಡ. ಮನೆಯಲ್ಲಿ ಭಾವ, ಇಲ್ಲಿ ಸರ್. ಈ ಕೆಲಸ ಕೊಡಿಸಿದವನೂ ಅವನೇ, ಕುಂಟೆ ಹಿಡಿಯುವುದು ಕಲಿಸಿದವನೂ ಅವನೇ. ಬಾಯಿ ಬಿಟ್ಟು ಒಂದು ಮಾತಾಡಬಹುದಿತ್ತು. ಆದರೆ ಅವನು ಮಂಜಿನೊಳಗೆ ಏನೋ ಕಳೆದುಕೊಂಡವನ ಹಾಗೆ ನೋಡುತ್ತಿದ್ದ.

“ಸಂಜೆ ಗೇಟು ಹಾಕೋದ್ರೊಳಗೆ ಇದು ಹೇಗಾಯ್ತು ಅಂತ ಹೇಳು. ಇಲ್ಲಾಂದ್ರೆ ಬಟ್ಟೆ ಬಿಚ್ಚಿಟ್ಟು ಹೋಗು” ಎಂದು ಸಾಹೇಬರು ಒಳಗೆ ಹೋದರು. ಮಂಜು ಅವರ ಹಿಂದೆಯೇ ಬಾಗಿಲು ಹಾಕಿಕೊಂಡಂತೆ ಮುಚ್ಚಿಕೊಂಡಿತು.

*

ಎಲ್ಲರೂ ಹೋದ ಮೇಲೆ ಹೊಸಬ ಪಟ್ಟಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕುಳಿತ.

ಸಿಟ್ಟು ಎದೆಯಲ್ಲಿ ಕುದಿಯುತ್ತಿದ್ದರೂ ಕಣ್ಣು ಮಾತ್ರ ತಣ್ಣಗಿತ್ತು. ತೊಂಬತ್ತು ಬೆಳಗು ಹೀಗೆ ಕುಳಿತು ಅಭ್ಯಾಸ. ಬೇರೆಯವರಿಗೆ ಅದು ಬಾಚಿದ ಮಣ್ಣು. ಅವನಿಗೆ ಗೊತ್ತಿದ್ದದ್ದು ಬೇರೆ. ಕತ್ತಲಾದ ಮೇಲೆ ಕಲ್ಲುಗಳ ಅಡಿಯಿಂದ ಕಪ್ಪು ಹುಳಗಳು ಹೊರಡುತ್ತವೆ. ಗೆರೆ ಹತ್ತಿ, ಗೆರೆ ಇಳಿದು, ಇಡೀ ಪಟ್ಟಿಯ ಮೇಲೆ ಸಣ್ಣ ಕಸೂತಿ ಹಾಕುತ್ತವೆ. ನೆಲ ಬೆಳ್ಳಗಾಗುವ ಮುಂಚೆ ಒಂದೂ ಬಿಡದೆ ಕಲ್ಲಿನಡಿಗೆ ಮರಳುತ್ತವೆ. ಯಾವ ಪುಸ್ತಕದಲ್ಲೂ ಇದಿರಲಿಲ್ಲ. ಅವನು ಒಬ್ಬರಿಗೆ ಮಾತ್ರ ಹೇಳಿದ್ದ, ಮುದ್ರೆಯಮ್ಮನಿಗೆ. ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿ, “ಅಯ್ಯೋ, ನೀನು ಹುಳಗಳ ಕೌಂಟರಿನಲ್ಲಿ ಕೂತಿದ್ದೀಯಪ್ಪ” ಎಂದು ನಕ್ಕಿದ್ದರು.

ಇವತ್ತೂ ಕಸೂತಿ ಇತ್ತು. ಪಟ್ಟಿಯ ತುಂಬ, ಇಬ್ಬನಿಯಲ್ಲಿ ನೆನೆದು, ಕನಸಿನಲ್ಲಿ ಯಾರೋ ಬರೆದ ಕಾಗದದ ಹಾಗೆ.

ಆದರೆ ಚಪ್ಪಲಿಯ ಹೆಜ್ಜೆಯೊಳಗೆ ಒಂದು ಹುಳವೂ ಹರಿದಿರಲಿಲ್ಲ.

ಅವನು ಮೂಗು ಮಣ್ಣಿಗೆ ತಾಗುವಷ್ಟು ಬಗ್ಗಿದ. ಹುಳದ ಜಾಡು ಹೆಜ್ಜೆಯ ಅಂಚಿಗೆ ಬಂದು ತುಂಡಾಗಿತ್ತು, ಆಚೆ ಅಂಚಿನಲ್ಲಿ ಮತ್ತೆ ಶುರುವಾಗಿತ್ತು. ಅಂದರೆ ಹುಳ ಮೊದಲು, ಹೆಜ್ಜೆ ಆಮೇಲೆ. ಇದು ರಾತ್ರಿಯ ಹೆಜ್ಜೆಯಲ್ಲ. ಹುಳಗಳು ಮನೆ ಸೇರಿದ ಮೇಲೆ, ಹಾಜರಿಯ ಗಂಟೆ ಹೊಡೆಯುವ ಮುಂಚೆ, ಮಂಜಿನೊಳಗೆ ಬಿದ್ದದ್ದು.

ಇನ್ನೊಂದೂ ಕಂಡಿತು. ನಡೆಯುವವರ ಹೆಜ್ಜೆಯಲ್ಲಿ ಬೆರಳಿನ ತುದಿ ಮಣ್ಣನ್ನು ಹಿಂದಕ್ಕೆ ಒದ್ದಿರುತ್ತದೆ. ಇಲ್ಲಿ ಒದ್ದಿರಲಿಲ್ಲ. ಹಿಮ್ಮಡಿಯೂ ಬೆರಳೂ ಒಂದೇ ಆಳ. ಯಾರೋ ಮೇಲಿನಿಂದ ಮುದ್ರೆ ಒತ್ತಿದ ಹಾಗೆ.

ಹೆಜ್ಜೆಗಳ ಪಕ್ಕದಲ್ಲಿ ಎರಡು ಮಾರು ಅಗಲದ ಜಾಗವಿತ್ತು. ಅಲ್ಲಿ ಕಸೂತಿಯೇ ಇರಲಿಲ್ಲ. ನುಣ್ಣಗೆ, ಹೊಸದಾಗಿ ಬಾಚಿದ ಗೆರೆಗಳು.

ಹೊಸಬ ಒಂದು ಎಳೆತದ ಗೆರೆಗಳನ್ನು ಬೆರಳಿಟ್ಟು ಎಣಿಸಿದ. ಹದಿನಾಲ್ಕು. ಮತ್ತೆ ಎಣಿಸಿದ. ಹದಿನಾಲ್ಕೇ.

ಅವನ ಕುಂಟೆಗೆ ಹದಿಮೂರು ಹಲ್ಲು. ಐದನೆಯದು, ಅವನು ಕೆಲಸಕ್ಕೆ ಸೇರಿದ ಎರಡನೇ ವಾರವೇ, ಕಲ್ಲಿಗೆ ಸಿಕ್ಕಿ ಮುರಿದಿತ್ತು. ಅವನು ಎಳೆದ ಗೆರೆಗಳ ನಡುವೆ ಬಿದ್ದ ಹಲ್ಲಿನ ಸಂದಿನ ಹಾಗೆ ಒಂದು ಖಾಲಿ ಜಾಗ ಪಟ್ಟಿಯುದ್ದಕ್ಕೂ ಓಡುತ್ತಿತ್ತು. ಹದಿನಾಲ್ಕು ಹಲ್ಲಿನವು ಸ್ಟೋರ್ ರೂಮಿನಲ್ಲಿ ಎರಡಿವೆ, ಹೊಸವು. ಕೇಳಿದಾಗ ಕೊಟ್ಟಿರಲಿಲ್ಲ. ಬೀಗದ ಕೈ ಒಬ್ಬನ ಸೊಂಟದಲ್ಲಿ.

ಗೆರೆ ಮುಗಿಯುವ ಕಡೆಗೆ ಅವನ ಕಣ್ಣು ಹೋಯಿತು. ಹೋಗಬಾರದಿತ್ತು ಅನ್ನಿಸಿತು.

ಪ್ರತಿ ಎಳೆತದ ಕೊನೆಯಲ್ಲಿ, ಎಡಕ್ಕೆ, ಮೀನಿನ ಗಾಳದಂಥ ಒಂದು ಸಣ್ಣ ಕೊಕ್ಕೆ. “ಕೊನೇಲಿ ಮಣಿಕಟ್ಟು ಎಡಕ್ಕೆ ತಿರುಗಿಸಿ ಎತ್ತು, ಮಣ್ಣು ಗುಡ್ಡೆ ಆಗಲ್ಲ” ಎಂದು ಕಲಿಸಿದ್ದರು ಅವನಿಗೆ. ಠಾಣೆಯಲ್ಲಿ ಹಾಗೆ ಎಳೆಯುವವರು ಇಬ್ಬರೇ. ಒಬ್ಬ ಕಲಿತವನು. ಇನ್ನೊಬ್ಬ ಕಲಿಸಿದವನು.

*

ಸ್ಟೋರ್ ರೂಮಿನಲ್ಲಿ ಸೀಮೆಎಣ್ಣೆ, ಹಗ್ಗ, ಹಳೆಯ ರಬ್ಬರು ಬೂಟುಗಳ ವಾಸನೆ. ಎತ್ತರದ ಒಂದೇ ಕಿಟಕಿಯಿಂದ ಬಿಳಿ ಬೆಳಕು ಹಿಟ್ಟಿನ ಹಾಗೆ ಉದುರುತ್ತಿತ್ತು. ಭಾವ ಸ್ಟೂಲಿನ ಮೇಲೆ ಕುಳಿತು ಟಾರ್ಚುಗಳ ಸೆಲ್ಲು ಬದಲಿಸುತ್ತಿದ್ದ.

“ಭಾವ, ಈ ಹೊಸ ಕುಂಟೆ ಯಾರು ತಗೊಂಡಿದ್ರು?”

“ಯಾರೂ ಇಲ್ಲ. ಬಂದಾಗಿನಿಂದ ಗೋಡೆಗೇ ಒರಗಿದೆ.”

“ಹಲ್ಲಲ್ಲಿ ಮಣ್ಣಿದೆ. ಹಸಿ ಮಣ್ಣು.”

“ಮಂಜು ಬಿದ್ದಿರುತ್ತೆ.”

“ಮಂಜು ಬೀಗ ತೆಗೆದು ಒಳಗೆ ಬರುತ್ತಾ?”

ಭಾವ ತಲೆ ಎತ್ತಲಿಲ್ಲ. ಒಂದು ಸೆಲ್ಲು ಕೈಜಾರಿ ಉರುಳಿತು, ನೆಲದ ಇಳಿಜಾರಿನಲ್ಲಿ ನಿಧಾನವಾಗಿ, ತನಗೆ ಎಲ್ಲಿಗೆ ಹೋಗಬೇಕೆಂದು ಗೊತ್ತಿರುವ ಹಾಗೆ, ಹೊಸಬನ ಬೂಟಿಗೆ ಬಂದು ನಿಂತಿತು.

“ಚಪ್ಪಲಿ ಕೈಗೆ ಹಾಕ್ಕೊಂಡು ಒತ್ತಿದ್ದೀರಿ” ಎಂದ ಹೊಸಬ. “ಪಕ್ಕದಲ್ಲಿ ನಿಂತು, ಬಗ್ಗಿ ಬಗ್ಗಿ. ಆಮೇಲೆ ನಿಮ್ಮ ಬೂಟಿನ ಗುರುತು ಅಳಿಸೋಕೆ ಕುಂಟೆ ಎಳೆದಿದ್ದೀರಿ. ಈ ಹೊಟ್ಟೆ ಇಟ್ಕೊಂಡು ಅಷ್ಟು ದೂರ ಹೇಗೆ ಬಗ್ಗಿದ್ರೋ ಅದೊಂದು ನನಗೆ ಗೊತ್ತಾಗ್ತಿಲ್ಲ.”

ಭಾವನ ಮುಖದಲ್ಲಿ ನಗು ಬರಲು ನೋಡಿತು. “ಸೊಂಟ ಹಿಡ್ಕೊಂಡಿದೆ” ಎಂದ. “ಬೆಳಿಗ್ಗೆಯಿಂದ ನೆಟ್ಟಗೆ ನಿಲ್ಲೋಕೆ ಆಗ್ತಿಲ್ಲ.”

ಅಷ್ಟೇ. ಒಪ್ಪಿಕೊಂಡದ್ದು ಹಾಗೆ, ಸೊಂಟನೋವಿನ ಮಾತಿನಲ್ಲಿ.

ಹೊಸಬ ಬಾಗಿಲನ್ನು ಬೆನ್ನಿನಿಂದ ತಳ್ಳಿ ಮುಚ್ಚಿದ. “ಅವರೆಲ್ಲಿ?”

“ದನಿ ಸಣ್ಣದು ಮಾಡು.”

“ಬದುಕಿದ್ದಾರಾ?”

“ಏನು ಮಾತು ಅಂತ ಆಡ್ತೀಯ! ನನ್ನ ಏನಂದ್ಕೊಂಡಿದ್ದೀಯ?” ಭಾವ ಎದ್ದ, ನೋವಿಗೆ ಮುಖ ಕಿವುಚಿದ. “ಅವರು ಆ ಕಡೆ ಹೋದ್ರು ಅಂತ ಎಲ್ಲರೂ ನಂಬಬೇಕಿತ್ತು. ನಂಬಿದ್ರೆ ಈ ಕಡೆ ಹುಡುಕೋದು ನಿಲ್ಲಿಸ್ತಾರೆ. ನಾಲ್ಕು ದಿನ ಸಾಕು. ಮೇಲಿನ ಆಫೀಸಿನವರು ಬರ್ತಾರೆ. ಅಲ್ಲಿವರೆಗೆ ಅಷ್ಟೇ.”

“ಯಾರಿಂದ ಅಡಗಿಸ್ತಿದ್ದೀರಿ?”

“ಅದು ನಿನಗೆ ಬೇಡ.”

“ಯಾಕೆ?”

“ನಿನ್ನ ಮುಖ ಗೋಡೆಗೆ ಅಂಟಿಸಿದ ನೋಟೀಸು ಇದ್ದ ಹಾಗೆ. ದಾರೀಲಿ ಹೋಗೋರೆಲ್ಲ ಓದಬಹುದು.”

ಹೊಸಬನಿಗೆ ಮುದ್ರೆಯಮ್ಮನ ಕೊನೆಯ ಮಾತು ನೆನಪಾಯಿತು. ಮೊನ್ನೆ ಮಧ್ಯಾಹ್ನ, ಕೌಂಟರು ಖಾಲಿಯಿದ್ದ ಹೊತ್ತು. ಮೂರು ಕೌಂಟರುಗಳ ಮೂರು ಮುದ್ರೆಗಳನ್ನು ಸಾಲಾಗಿ ಇಟ್ಟು ಅವರು ತೋರಿಸಿದ್ದರು. ನಂಬರಿಲ್ಲ, ಗುರುತಿಲ್ಲ, ಒಂದೇ ಅಚ್ಚು. “ನೋಡಿದವರಿಗೆ ತ್ರಿವಳಿ ಮಕ್ಕಳು. ಸಾಕಿದವಳಿಗೆ ಮಾತ್ರ ನನ್ನದು ಯಾವುದು ಅಂತ ಗೊತ್ತು. ಬಂದ ಮೊದಲನೇ ದಿನ ಕೈಜಾರಿ ಬೀಳಿಸಿದ್ದೆ. ಇಲ್ಲಿ ನೋಡು.” ಅಚ್ಚಿನ ಸುತ್ತಲಿನ ಉಂಗುರದ ತಳದಲ್ಲಿ, ಗಡಿಯಾರದಲ್ಲಿ ಆರು ಇರುವ ಜಾಗದಲ್ಲಿ, ಇಲಿ ಕಚ್ಚಿದಷ್ಟು ಒಂದು ಚೂರು ಹಾರಿಹೋಗಿತ್ತು. ಆಮೇಲೆ ದನಿ ತಗ್ಗಿಸಿ, “ಒಂದು ವಿಚಿತ್ರ ಹೇಳ್ತೀನಿ, ಯಾರಿಗೂ ಹೇಳಬೇಡ. ಸಂಜೆ ಒಣಗಿಸಿ ಇಟ್ಟು ಹೋಗ್ತೀನಿ. ಬೆಳಿಗ್ಗೆ ಬಂದಾಗ ಮುದ್ರೆ ಒದ್ದೆ ಇರುತ್ತೆ.”

ಯಾರೋ ಆ ಮುದ್ರೆಯನ್ನು ಅವರಿಲ್ಲದ ಹೊತ್ತಿನಲ್ಲಿ ಒತ್ತುತ್ತಿದ್ದರು. ಯಾವುದೋ ಪುಸ್ತಕಗಳಿಗೆ, ಯಾವುದೋ ಜನರಿಗೆ. ಅವರಿಗದು ಗೊತ್ತಾಗಿತ್ತು. ಅದೇ ಸಂಜೆಯಿಂದ ಅವರು ಕಾಣಲಿಲ್ಲ.

“ಸರಿ” ಎಂದ ಹೊಸಬ. “ಅವರನ್ನ ಉಳಿಸಿದ್ರಿ. ಮತ್ತೆ ನಾನು? ಪಟ್ಟಿ ನನ್ನದು. ಇವತ್ತೇ ನನ್ನ ತೊಂಬತ್ತನೇ ದಿನ. ನಿಮಗೆ ಗೊತ್ತಿತ್ತು.”

“ಗೊತ್ತಿತ್ತು.”

“ಒಂದು ಮಾತು ಮುಂಚೆ ಹೇಳೋಕಾಗ್ಲಿಲ್ವಾ?”

“ನಿನ್ನ ಅಕ್ಕನೂ ಇದೇ ಕೇಳಿದ್ಲು.” ಭಾವ ಕಿಟಕಿಯ ಕಡೆ ತಿರುಗಿದ. “ನಾನಂದೆ, ನಾಲ್ಕು ಮಾತು ಬೈತಾರೆ, ಅಷ್ಟೇ. ಬೈಸ್ಕೊಳ್ಳೋದು ಅವನಿಗೇನು ಹೊಸದಾ, ಅಂತ.”

ಬೆಳಿಗ್ಗೆ ಕತ್ತೆ ಎಂದಾಗ ಹೊಸಬನಿಗೆ ಬರೀ ಸಿಟ್ಟು ಬಂದಿತ್ತು. ಈಗ ಆ ಸಿಟ್ಟೂ ಬರಲಿಲ್ಲ.

ಅವನು ಬಗ್ಗಿ ಸೆಲ್ಲನ್ನು ಎತ್ತಿಕೊಟ್ಟ. ಭಾವ ಅದನ್ನು ತೆಗೆದುಕೊಳ್ಳುವಾಗ ಅವನ ಕಣ್ಣು ತಪ್ಪಿಸಿ ಹೇಳಿದ, “ಇವತ್ತು ಮಧ್ಯಾಹ್ನ ಊಟಕ್ಕೆ ಮನೆ ಕಡೆ ಬರಬೇಡ. ಅಕ್ಕ ಹೇಳಿದ್ದಾಳೆ.”

ಒಂದು ದಿನ ಊಟಕ್ಕೆ ತಪ್ಪಿಸಿಕೊಂಡರೆ ಒಂದು ವಾರ ಮುನಿಸಿಕೊಳ್ಳುವ ಅಕ್ಕ. ಬರಬೇಡ ಅಂದಳಂತೆ.

ಹೊಸಬ ಭಾವನ ಮುಖವನ್ನು ದಿಟ್ಟಿಸಿದ. ಮುದ್ರೆಯಮ್ಮ ಎಲ್ಲಿದ್ದಾರೆಂದು ಇನ್ನು ಕೇಳುವ ಅಗತ್ಯ ಉಳಿಯಲಿಲ್ಲ. ಅಕ್ಕನ ಮನೆಯ ಹಿಂದಿನ ಕೋಣೆ, ಹಳೆಯ ಹಾಸಿಗೆಗಳನ್ನು ಇಡುವ ಕೋಣೆ, ಕಿಟಕಿಗೆ ಹಸಿರು ಬಟ್ಟೆ. ಆ ಹಸಿರು ನೆರಳಿನಲ್ಲಿ, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಬರಿಗಾಲಿನಲ್ಲಿ ಅವರು ಕುಳಿತಿರುವುದು ಕಣ್ಣಿಗೆ ಕಟ್ಟಿತು.

*

ಮಧ್ಯಾಹ್ನ ಅವನು ಎಲ್ಲೂ ಊಟ ಮಾಡಲಿಲ್ಲ. ಮಂಜು ಹರಿದು, ಬಿಸಿಲು ಬಂದು, ಬಿಸಿಲೂ ಹಳದಿಯಾಯಿತು. ಗೇಟಿನಲ್ಲಿ ಲಾರಿಗಳು ಆನೆಗಳ ಹಾಗೆ ತೂಕಡಿಸುತ್ತ ಸಾಲಾಗಿ ನಿಂತವು. ಅಡ್ಡಗೋಲು ಏಳುತ್ತಿತ್ತು, ಇಳಿಯುತ್ತಿತ್ತು. ಮೂರನೇ ಕೌಂಟರಿನ ಗಾಜಿನ ಹಿಂದೆ ಖಾಲಿ ಕುರ್ಚಿ, ಅದರ ಬೆನ್ನಿಗೆ ಅವರು ಬಿಟ್ಟುಹೋದ ಬೂದು ಸ್ವೆಟರು. ಗಾಳಿ ಬಂದಾಗೊಮ್ಮೆ ಅದರ ತೋಳು ಅಲ್ಲಾಡುತ್ತಿತ್ತು.

ಅವನ ತಲೆಯಲ್ಲಿ ತಕ್ಕಡಿ ಒಂದೇ ಸಮ ಮೇಲೆ ಕೆಳಗೆ ಆಡುತ್ತಿತ್ತು. ಹುಳದ ಕಥೆ ಹೇಳಿದರೆ ಅವನು ಗೆದ್ದ. ಹೇಳಿದರೆ ಕುಂಟೆಯ ಕಥೆ ಬರುತ್ತದೆ, ಕುಂಟೆ ಬಂದರೆ ಕೊಕ್ಕೆ, ಕೊಕ್ಕೆ ಹಿಡಿದರೆ ಭಾವ, ಭಾವನ ಹಿಂದೆ ಅಕ್ಕನ ಮನೆ. ಆದರೆ ಸಾಹೇಬರಿಗೆ ಹೇಳಿದರೆ ತಪ್ಪೇನು? ಬೈದರೂ ಅವರು ಕಾನೂನಿನ ಮನುಷ್ಯ. ಮುದ್ರೆಯನ್ನು ಕದ್ದು ಒತ್ತುತ್ತಿದ್ದವನನ್ನು ಹಿಡಿಯಬೇಕಾದವರೂ ಅವರೇ ಅಲ್ಲವೇ?

ಹಾಗೆಂದುಕೊಳ್ಳುತ್ತಲೇ ಸಂಜೆ ಅಂಗಳಕ್ಕೆ ಬಂದ. ಹೇಳಿಬಿಡಬೇಕೆಂದೇ ಬಂದಿದ್ದ.

ಸಾಹೇಬರು ಮೇಜು ಕುರ್ಚಿ ಹೊರಗೆ ಹಾಕಿಸಿಕೊಂಡಿದ್ದರು. ಬೆಳಗಿನ ಅದೇ ಹನ್ನೊಂದು ಜನ. ಇಳಿಬಿಸಿಲಿನಲ್ಲಿ ಎಲ್ಲರ ನೆರಳೂ ಪಟ್ಟಿಯ ಮೇಲೆ ಉದ್ದಕ್ಕೆ ಬಿದ್ದು, ಅವರು ನಿಂತಲ್ಲೇ ಇದ್ದರೂ ನೆರಳುಗಳು ಗಡಿ ದಾಟುತ್ತಿದ್ದವು.

“ಬಾಪ್ಪ” ಎಂದರು ಸಾಹೇಬರು. “ಬೆಳಿಗ್ಗೆ ಕತ್ತೆ ಅಂದಿದ್ದಕ್ಕೆ ಬೇಜಾರಾಯ್ತಾ?”

“ಇಲ್ಲ ಸರ್.”

“ಆಗಿದೆ. ಆಗಬೇಕು ಅಂತಾನೇ ಅಂದಿದ್ದು. ಸಿಟ್ಟು ಬಂದ್ರೆ ನೀನು ನೆಲ ಸರಿಯಾಗಿ ನೋಡ್ತೀಯ ಅಂತ ಗೊತ್ತಿತ್ತು.” ಅವರು ಮುಂದಕ್ಕೆ ಬಾಗಿದರು. “ನಾನೂ ನೋಡಿದೆ. ಹೆಜ್ಜೆ ಪಕ್ಕ ಯಾರೋ ಮತ್ತೆ ಕುಂಟೆ ಆಡಿಸಿದ್ದಾರೆ. ನೀನಲ್ಲ. ನಿನ್ನ ಕುಂಟೆಗೆ ಒಂದು ಹಲ್ಲಿಲ್ಲ. ಹೌದೋ ಅಲ್ವೋ?”

ಸಾಲಿನಲ್ಲಿ ಯಾರೂ ಅಲ್ಲಾಡಲಿಲ್ಲ. ಭಾವನ ಸೊಂಟದ ಗೊಂಚಲು ಮಾತ್ರ ಒಮ್ಮೆ ಸದ್ದು ಮಾಡಿತು.

“ಹೌದು ಸರ್.”

“ಗೆರೆ ನೋಡಿದ್ರೆ ಕೈ ಯಾರದು ಅಂತ ಎಳೆಯೋನಿಗೆ ಗೊತ್ತಿರುತ್ತೆ. ಹೆಸರು ಹೇಳು. ಇಲ್ಲೇ, ಈಗಲೇ ಸಹಿ ಹಾಕ್ತೀನಿ.”

ಅವರು ಕಾಗದವನ್ನು ಮೇಜಿನ ಮೇಲೆ ಅವನ ಕಡೆ ಸರಿಸಿದರು. ಟೈಪು ಮಾಡಿದ ನಾಲ್ಕು ಸಾಲು. ಕೆಳಗೆ ಸಹಿಯ ಜಾಗ ಖಾಲಿ. ಪಕ್ಕದಲ್ಲಿ ಮುದ್ರೆ ಆಗಲೇ ಬಿದ್ದಿತ್ತು, ಇವತ್ತಿನ ತಾರೀಖು, ಶಾಯಿ ಇನ್ನೂ ಮಿನುಗುತ್ತಿತ್ತು.

ಹೊಸಬನಿಗೆ ಅಕ್ಷರ ಓದಲು ಹೊತ್ತು ಹಿಡಿಯುತ್ತಿತ್ತು. ಒಂದೊಂದಕ್ಕೂ ಬೆರಳಿಡಬೇಕು. ಅದಕ್ಕೇ ಅವನ ಕಣ್ಣು ಮೊದಲು ಅಕ್ಷರಕ್ಕೆ ಹೋಗಲಿಲ್ಲ, ದುಂಡನೆಯ ಮುದ್ರೆಗೆ ಹೋಯಿತು.

ಉಂಗುರದ ತಳದಲ್ಲಿ, ಗಡಿಯಾರದ ಆರರ ಜಾಗದಲ್ಲಿ, ಇಲಿ ಕಚ್ಚಿದಷ್ಟು ಒಂದು ಚೂರು ಹಾರಿಹೋಗಿತ್ತು.

ಅಂಗಳದ ಸದ್ದೆಲ್ಲ ನೀರಿನಡಿಗೆ ಇಳಿದ ಹಾಗಾಯಿತು. ಲಾರಿಯೊಂದು ಎಲ್ಲೋ ದೂರದಲ್ಲಿ ಹಾರ್ನು ಹೊಡೆಯಿತು. ಇದು ಮುದ್ರೆಯಮ್ಮನ ಮುದ್ರೆ. ಅವರು ಅದನ್ನು ಕದ್ದು ಓಡಿದರು ಎಂದು ಬೆಳಿಗ್ಗೆ ಹೇಳಿದವರು ಯಾರು? ಎದುರಿಗೆ ಕುಳಿತಿದ್ದರು. ಅವರ ಬಲಗೈ ಹೆಬ್ಬೆರಳಿನ ಉಗುರಿನ ಅಂಚಿನಲ್ಲಿ ನೇರಳೆ ಶಾಯಿಯ ಕೂದಲಿನಂಥ ಗೆರೆ. ಮೂರನ್ನೂ ಒಂದೇ ಎಂದುಕೊಂಡ ಮನುಷ್ಯ. ಅವಸರದಲ್ಲಿ ಜೇಬಿಗೆ ಕೈ ಹಾಕಿ, ಸಿಕ್ಕಿದ್ದನ್ನು ಒತ್ತಿಬಿಟ್ಟಿದ್ದರು.

“ಏನಪ್ಪ, ಇಷ್ಟು ಹೊತ್ತು? ನಾಲ್ಕೇ ಸಾಲು” ಎಂದರು ಸಾಹೇಬರು, ನಗುತ್ತ. “ಓದಿ ಹೇಳಬೇಕಾ?”

ಉದ್ದನೆಯ ಪೇದೆ ಕೆಮ್ಮಿದ. ಈ ಸಲ ಯಾರೂ ಜೊತೆಗೂಡಲಿಲ್ಲ.

ಹೊಸಬ ಭಾವನ ಕಡೆ ನೋಡಲಿಲ್ಲ. ನೋಡಿದರೆ ಮುಖದ ನೋಟೀಸನ್ನು ಎಲ್ಲರೂ ಓದಿಬಿಡುತ್ತಿದ್ದರು. ಕಾಗದವನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಶಾಯಿ ಅಂಟದ ಹಾಗೆ ಮೆಲ್ಲಗೆ ಊದಿದ. ಮುದ್ರೆ ಒಳಗೆ ಬರುವಂತೆ ಮಡಿಸಿದ, ಮತ್ತೆ ಮಡಿಸಿದ, ಎದೆಯ ಜೇಬಿಗಿಟ್ಟು ಗುಂಡಿ ಹಾಕಿದ. ಮೇಲಿನ ಆಫೀಸಿನವರಿಗೆ ತೋರಿಸಲು ಇದೊಂದು ಸಾಕು. ತಲೆಯ ಮೇಲಿನ ಟೋಪಿ ತೆಗೆದು, ಕಾಗದವಿದ್ದ ಜಾಗದಲ್ಲಿ ಇಟ್ಟ.

“ಏಯ್, ಸಹಿ ಆಗಿಲ್ಲ. ಅದನ್ನ ಇಟ್ಟು ಹೋಗು.”

ಅವನು ತಿರುಗಿ ನಡೆದ. ಹನ್ನೊಂದು ಜನರ ನೆರಳುಗಳನ್ನು ಒಂದೊಂದಾಗಿ ತುಳಿದುಕೊಂಡು, ಅಂಗಳ ದಾಟಿ, ಊರಿನ ಕಡೆಯ ಡಾಂಬರು ರಸ್ತೆಗೆ ಇಳಿದ. ಡಾಂಬರು ಒಳ್ಳೆಯದು, ಅದು ಯಾರ ಹೆಜ್ಜೆಯನ್ನೂ ಇಟ್ಟುಕೊಳ್ಳುವುದಿಲ್ಲ. ಓಡಬಾರದು ಎಂದು ಕಾಲಿಗೆ ಹೇಳಿಕೊಂಡ. ಓಡಿದರೆ ಅರ್ಥವಾಗುತ್ತದೆ.

ಹಿಂದೆ ಕುರ್ಚಿ ಸರಿದ ಸದ್ದು. ಆಮೇಲೆ ಸಾಹೇಬರ ದನಿ, ಗದರದೆ, ಮಗುವನ್ನು ತಟ್ಟಿ ಮಲಗಿಸುವವರ ಹಾಗೆ, ಸಂಜೆಯ ಗಾಳಿಯಲ್ಲಿ ತೇಲಿಬಂತು:

“ಅಂದ ಹಾಗೆ, ನಿನ್ನ ಅಕ್ಕನ ಮನೇಲಿ ಯಾರೋ ನೆಂಟರು ಬಂದಿದ್ದಾರಂತಲ್ಲ. ಹಿಂದಿನ ಕೋಣೇಲಿ?”

ಹೊಸಬನ ಕಾಲು ಅರ್ಧ ಹೆಜ್ಜೆ ಗಾಳಿಯಲ್ಲೇ ನಿಂತಿತು. ಆಮೇಲೆ ನೆಲ ಮುಟ್ಟಿತು. ಅವನು ತಿರುಗದೆ ನಡೆಯುತ್ತಲೇ ಹೋದ.